ಅಮ್ಮಣ್ಣಿ ಲೆಕ್ಕ

ರಾಚಯ್ಯ ತನ್ನ ಗುರುಗಳನ್ನು ಕಾಣಲು ಬರುವಾಗ ಒಂದು ಚಿಪ್ಪು ರಸಬಾಳೆಯನ್ನೂ ಒಂದು ಕೆಟ್ಟ ಸುದ್ದಿಯನ್ನೂ ತಂದಿದ್ದ.

ಹಣ್ಣನ್ನು ಮೊದಲು ಕೊಟ್ಟ.

ಗುರುಗಳ ಹೆಸರು ದೇವಾಜಮ್ಮಣ್ಣಿ. ಎಂಬತ್ತೊಂದು ವರ್ಷ. ಕಪಿಲೆಯ ದಡದ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಕಲಿಸಿ, ನಿವೃತ್ತರಾದ ಮೇಲೂ ಶಾಲೆಯ ಪಕ್ಕದಲ್ಲೇ ಎರಡು ಕೋಣೆಯ ಮನೆಯಲ್ಲಿದ್ದರು. ಬೆಳಿಗ್ಗೆ ಯಾವ ಮಗು ಬಂದರೂ ಹೊಳೆಯ ಮರಳಿನ ಮೇಲೆ ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದರು. ಊರವರು ಆ ಮನೆಯನ್ನು ತಮಾಷೆಗೆ ಆಶ್ರಮ ಅನ್ನುತ್ತಿದ್ದರು. ಎಲ್ಲರ ಬಾಯಲ್ಲೂ ಅವರು ಅಮ್ಮಣ್ಣಿ ಟೀಚರ್.

"ಏನೋ ರಾಚಯ್ಯ, ಕಾಲೇಜು ಬಿಟ್ಟು ಮಂಗಳವಾರ ಬಂದಿದೀಯ?"

"ಸುಮ್ಮನೆ ಟೀಚರ್. ನೋಡ್ಕೊಂಡು ಹೋಗೋಣ ಅಂತ."

"ಸುಮ್ಮನೆ ಬರೋನಲ್ಲ ನೀನು. ನಡಿ, ಹೊಳೆ ಹತ್ರ ಕೂತ್ಕೊಳ್ಳೋಣ. ಒಳಗೆ ಸೆಕೆ."

ಇಬ್ಬರೂ ನಿಧಾನವಾಗಿ ಮೆಟ್ಟಿಲಿಳಿದು ಮರಳಿಗೆ ಬಂದರು. ಬೇಸಿಗೆಯ ಸಂಜೆ, ನೀರು ಆಚೆ ದಡಕ್ಕೆ ಸರಿದಿತ್ತು.

ರಾಚಯ್ಯನಿಗೂ ಐವತ್ತೆರಡಾಗಿತ್ತು. ಮೈಸೂರಿನ ಕಾಲೇಜೊಂದರಲ್ಲಿ ಗಣಿತದ ಮೇಷ್ಟ್ರು. ಈಚೆಗೆ ಟಿವಿಯಲ್ಲೂ ಕಾಣಿಸಿಕೊಳ್ಳುತ್ತಿದ್ದ. ಒಂದು ಜಪಾನಿ ಧಾರಾವಾಹಿ ಕನ್ನಡಕ್ಕೆ ಡಬ್ ಆಗಿ ಗುರುವಾರ ಗುರುವಾರ ಬರುತ್ತಿತ್ತು. ಅದರಲ್ಲಿ ಬೆಟ್ಟದ ಊರಿನ ಒಬ್ಬ ಹುಡುಗಿ ದೇವಸ್ಥಾನಗಳ ಹಳೆಯ ಹಲಗೆಗಳಿಗೆ ಮತ್ತೆ ಬಣ್ಣ ಹಚ್ಚುತ್ತಾಳೆ. ಹಲಗೆಯ ಮೇಲೆ ಇರುವುದು ದೇವರ ಚಿತ್ರ ಅಲ್ಲ, ಲೆಕ್ಕ. ಆ ದೇಶದಲ್ಲಿ ಹಿಂದೆ ಒಳ್ಳೆಯ ಲೆಕ್ಕ ಬಿಡಿಸಿದವರು ಅದನ್ನು ಹಲಗೆಯ ಮೇಲೆ ಬರೆದು ದೇವರಿಗೆ ಒಪ್ಪಿಸುತ್ತಿದ್ದರು. ವಾರಕ್ಕೊಂದು ಹಲಗೆ, ವಾರಕ್ಕೊಂದು ಲೆಕ್ಕ. ಕಥೆ ಮುಗಿದ ಮೇಲೆ ರಾಚಯ್ಯ ಬಂದು ಐದು ನಿಮಿಷ ಆ ಲೆಕ್ಕದ ಹಿಂದಿನ ಗಣಿತವನ್ನು ವಿವರಿಸುತ್ತಿದ್ದ.

"ಧಾರಾವಾಹಿ ನೋಡ್ತೀರಾ ಟೀಚರ್?"

"ಪಕ್ಕದ್ಮನೆ ಗಿರಿಜಕ್ಕನ ಟಿವೀಲಿ ನೋಡ್ತೀನಿ. ಆ ಹುಡುಗಿ ಯೋಚನೆ ಮಾಡುವಾಗ ಕುಂಚದ ತುದಿ ಕಚ್ತಾಳಲ್ಲ, ಅದು ಚೆನ್ನ. ನೀನೂ ಹಾಗೇ ಬಳಪ ಕಚ್ತಿದ್ದೆ."

"ಕಚ್ತಿರಲಿಲ್ಲ ಟೀಚರ್, ತಿಂತಿದ್ದೆ."

ಅಮ್ಮಣ್ಣಿ ಟೀಚರ್ ನಕ್ಕರು. "ಹೂಂ, ವಾರಕ್ಕೆ ಎರಡು ಬಳಪ. ನಿಮ್ಮಪ್ಪ ಬಂದು ನನ್ನ ಹತ್ರ ಜಗಳ ಆಡಿದ್ರು. ಲೆಕ್ಕ ಜಾಸ್ತಿ ಕೊಡ್ತೀರ, ಅದಕ್ಕೆ ಬಳಪ ಸವೆಯತ್ತೆ ಅಂತ."

"ನನ್ನ ವಿವರಣೆ ಹೇಗಿರತ್ತೆ?"

"ಸ್ವಲ್ಪ ಅವಸರ."

"ಐದೇ ನಿಮಿಷ ಕೊಡ್ತಾರೆ ಟೀಚರ್."

"ಅವಸರ ಅವರದಲ್ಲ, ನಿನ್ನದು. ಸರಿ, ಬಂದ ವಿಷಯ ಹೇಳು."

ರಾಚಯ್ಯ ಜೇಬಿನ ಫೋನಿಗೆ ಕೈ ಹಾಕಿದ.

ಆ ಸುದ್ದಿ ಅಮ್ಮಣ್ಣಿ ಲೆಕ್ಕದ ಬಗ್ಗೆ. ಆ ಲೆಕ್ಕ ಹುಟ್ಟಿದ್ದು ಬಸ್ಸು ಕಾಯುವಾಗ. ಟೀಚರಿಗೆ ಆಗ ಮೂವತ್ತೊಂದು ವರ್ಷ. ಗಾಡಿ ರಿಪೇರಿಯವನ ಗೋಡೆಗೆ ಎರಡು ಚಕ್ರ ಒರಗಿದ್ದವು, ಒಂದು ದೊಡ್ಡದು, ಒಂದು ಅದಕ್ಕಿಂತ ಚಿಕ್ಕದು, ಒಂದಕ್ಕೊಂದು ತಾಗಿಕೊಂಡು. ಕೆಳಗೆ ಅವೆರಡರ ಸಂದಿಯಲ್ಲಿ ಒಂದು ಕಬ್ಬಿಣದ ಬಳೆ, ಎರಡೂ ಚಕ್ರಕ್ಕೂ ನೆಲಕ್ಕೂ ತಾಗಿ, ಅಳತೆ ತೆಗೆದು ಮಾಡಿಸಿದಂತೆ ಕೂತಿತ್ತು. ಎರಡು ಚಕ್ರದ ಅಳತೆ ಗೊತ್ತಿದ್ದರೆ ಬಳೆಯ ಅಳತೆ ಹೇಳಬಹುದೇ? ಬಸ್ಸು ಬಂತು, ಹೋಯಿತು, ಅವರು ಹತ್ತಲಿಲ್ಲ.

ಉತ್ತರ ಸಿಕ್ಕಲು ಮೂರು ವರ್ಷ ಹಿಡಿಯಿತು. ತೋರಿಸಲು ಯಾರೂ ಇರಲಿಲ್ಲ. ಬರೆದು ದೊಡ್ಡ ವಿದ್ವಾಂಸರೊಬ್ಬರಿಗೆ ಕಳಿಸಿದರು, ಜವಾಬು ಬರಲಿಲ್ಲ. ಆಮೇಲೆ ಮಕ್ಕಳಿಗೆ ತೋರಿಸಿದರು. ವರ್ಷಕ್ಕೊಂದು ಏಳನೇ ಕ್ಲಾಸು ಆ ಲೆಕ್ಕವನ್ನು ಕಲಿತು ಹೊರಗೆ ಹೋಯಿತು. ಊರಲ್ಲಿ ಅದಕ್ಕೆ ಅಮ್ಮಣ್ಣಿ ಲೆಕ್ಕ ಅಂತಲೇ ಹೆಸರಾಯಿತು.

ಈಗ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಶಾಲೆಯ ಅಂಗಳದಲ್ಲಿ ಒಂದು ಕಲ್ಲು ನಿಲ್ಲಿಸಿದ್ದರು. ಅದರ ಮೇಲೆ ಮೂರು ವೃತ್ತಗಳ ಚಿತ್ರ, ಕೆಳಗೆ ಟೀಚರ ಹೆಸರು. ಇದಕ್ಕೆಲ್ಲ ಮುಂದೆ ನಿಂತವನು ರಾಚಯ್ಯ. ಭಾನುವಾರ ಬಟ್ಟೆ ಸರಿಸುವ ಕಾರ್ಯಕ್ರಮ.

ರಾಚಯ್ಯ ಫೋನಿನಲ್ಲಿ ಒಂದು ಚಿತ್ರ ತೆರೆದು ಟೀಚರ ಕೈಗೆ ಕೊಟ್ಟ.

ಟೀಚರ್ ಅದನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. ಮಾಸಿದ ಹಲಗೆ. ಒಂದು ನೆಟ್ಟನೆ ಗೆರೆ. ಗೆರೆಯ ಮೇಲೆ ದೊಡ್ಡ ವೃತ್ತ, ಅದಕ್ಕೆ ತಾಗಿ ಮಧ್ಯದ್ದು, ಸಂದಿಯಲ್ಲಿ ಸಣ್ಣದು. ಸಣ್ಣದಕ್ಕೆ ಮಾತ್ರ ಕೆಂಪು ಬಣ್ಣ.

"ಇದು ನಮ್ಮದು," ಅಂದರು.

"ಹೂಂ ಟೀಚರ್."

"ನೀನು ಕಳಿಸಿದ್ಯಾ ಅವರಿಗೆ?"

"ಇಲ್ಲ ಟೀಚರ್. ಅವರದೇ. ಈ ವಾರದ ಸಂಚಿಕೇಲಿ ಬರತ್ತೆ. ಒಬ್ಬ ಅಕ್ಕಿ ವ್ಯಾಪಾರಿಯ ಮಗಳು ಬರೆದಳು ಅಂತ ತೋರಿಸಿದಾರೆ. ಆ ಮಗಳು ಕಟ್ಟುಕಥೆ. ಆದ್ರೆ ಲೆಕ್ಕ ಕಟ್ಟುಕಥೆ ಅಲ್ಲ. ನಾನು ಹುಡುಕಿ ನೋಡ್ದೆ. ಅವರ ಹತ್ರ ಇದು ಇನ್ನೂರು ವರ್ಷದಿಂದ ಇದೆ."

"ಎಷ್ಟು?"

"ಇನ್ನೂರು ವರ್ಷ."

ಟೀಚರ್ ಫೋನನ್ನು ವಾಪಸು ಕೊಟ್ಟು ಹೊಳೆಯ ಕಡೆ ನೋಡುತ್ತಾ ಕೂತರು. ಈ ಮುದುಕಿಯ ಹತ್ತಿರ ಆಸ್ತಿ ಅಂತ ಇದ್ದದ್ದು ಅದೊಂದೇ ಲೆಕ್ಕ, ಅದನ್ನೂ ತಾನೇ ಬಂದು ಕಿತ್ತುಕೊಂಡೆ ಅಂತ ರಾಚಯ್ಯನಿಗೆ ಅನ್ನಿಸಿತು.

"ನಾನೊಂದು ಯೋಚನೆ ಮಾಡಿದೀನಿ ಟೀಚರ್. ಈ ಗುರುವಾರ ಹುಷಾರಿಲ್ಲ ಅಂತ ಹೇಳ್ಬಿಡ್ತೀನಿ. ವಿವರಣೆ ಇಲ್ದಿದ್ರೆ ಯಾರೂ ಗಮನಿಸಲ್ಲ. ಕಥೇಲಿ ಹಲಗೆ ಬರೋದು ನಾಲ್ಕು ಸೆಕೆಂಡು. ಭಾನುವಾರ ಕಾರ್ಯಕ್ರಮ ಅದರ ಪಾಡಿಗೆ ಆಗ್ಲಿ."

"ಕಲ್ಲಿನ ಮೇಲೆ ಏನಂತ ಬರೆಸಿದೀಯ?"

"ಕಂಡುಹಿಡಿದವರು, ದೇವಾಜಮ್ಮಣ್ಣಿ ಅಂತ."

"ನಿಂಗೆ ಹುಷಾರಿದೆ ತಾನೇ?"

"ಇದೆ ಟೀಚರ್."

"ಮತ್ತೆ ಇಲ್ಲ ಅಂತ ಯಾಕೆ ಹೇಳ್ತೀಯ? ಆ ಕಡ್ಡಿ ತಗೋ. ಗುರುವಾರ ಟಿವೀಲಿ ಹೇಗೆ ಹೇಳ್ತೀಯೋ ಹಾಗೇ ಹೇಳು."

ರಾಚಯ್ಯ ಮರಳನ್ನು ಅಂಗೈಯಿಂದ ಸಮ ಮಾಡಿ ನೆಲದ ಗೆರೆ ಎಳೆದ. ಅದರ ಮೇಲೆ ಎರಡು ಚಕ್ರ ನಿಲ್ಲಿಸಿದ.

"ದೊಡ್ಡ ಚಕ್ರದ ತ್ರಿಜ್ಯ ಮೂವತ್ತಾರು ಬೆರಳು. ಚಿಕ್ಕ ಚಕ್ರದ್ದು ಒಂಬತ್ತು. ಎರಡೂ ತಾಗಿವೆ. ಅದರ ಕೇಂದ್ರದಿಂದ ಇದರ ಕೇಂದ್ರಕ್ಕೆ ಗೆರೆ ಎಳೆದರೆ, ಮೂವತ್ತಾರೂ ಒಂಬತ್ತೂ ಸೇರಿ ನಲವತ್ತೈದು."

"ಹೂಂ."

"ಈಗ ಚಿಕ್ಕ ಚಕ್ರದ ಕೇಂದ್ರದಿಂದ ನೆಲಕ್ಕೆ ಸಮಾಂತರವಾಗಿ ಒಂದು ಅಡ್ಡ ಗೆರೆ. ಅದು ದೊಡ್ಡ ಚಕ್ರದ ನಿಲುವು ಗೆರೆಯನ್ನ ಮುಟ್ಟತ್ತೆ. ಒಂದು ಲಂಬಕೋನ ತ್ರಿಕೋನ ಆಯ್ತು. ಕರ್ಣ ನಲವತ್ತೈದು. ನಿಲುವು, ಮೂವತ್ತಾರರಲ್ಲಿ ಒಂಬತ್ತು ಕಳೆದರೆ ಇಪ್ಪತ್ತೇಳು. ಅಡ್ಡ ಗೆರೆ ಮೂವತ್ತಾರು. ಅಂದ್ರೆ ಎರಡು ಚಕ್ರ ನೆಲ ಮುಟ್ಟೋ ಜಾಗಗಳ ನಡುವೆ ಮೂವತ್ತಾರು ಬೆರಳು."

"ಇಲ್ಲಿ?" ಅಂದರು ಟೀಚರ್.

"ಇಲ್ಲಿ ಎಲ್ಲರೂ ಒಂದು ಸಲ ಉಸಿರು ಬಿಡಿ."

ಅದು ಟೀಚರೇ ಪ್ರತಿ ವರ್ಷ ಇದೇ ಜಾಗದಲ್ಲಿ ಹೇಳುತ್ತಿದ್ದ ಮಾತು. ಇಬ್ಬರೂ ಉಸಿರು ಬಿಟ್ಟರು.

"ಯಾವ ಎರಡು ಚಕ್ರ ತಾಗಿ ನಿಂತ್ರೂ ಇದೇ ಆಟ. ಎರಡು ತ್ರಿಜ್ಯದ ವರ್ಗಮೂಲ ತಗೊಂಡು ಗುಣಿಸಿ, ಎರಡರಷ್ಟು ಮಾಡಿದ್ರೆ ನೆಲದ ದೂರ ಸಿಗತ್ತೆ. ಮೂವತ್ತಾರರದ್ದು ಆರು, ಒಂಬತ್ತರದ್ದು ಮೂರು. ಆರು ಮೂರ್ಲ ಹದಿನೆಂಟು, ಎರಡರಷ್ಟು ಮೂವತ್ತಾರು. ಈಗ ಸಂದಿಯ ಬಳೆ. ಅದು ನೆಲದ ದೂರವನ್ನ ಎರಡು ಪಾಲು ಮಾಡತ್ತೆ. ಎರಡು ಪಾಲೂ ಸೇರಿದ್ರೆ ಹಳೇ ಮೂವತ್ತಾರೇ ಬರಬೇಕು. ಅದಕ್ಕೆ, ಆರನ್ನೂ ಮೂರನ್ನೂ ಗುಣಿಸಿ ಬಂದ ಹದಿನೆಂಟನ್ನ, ಆರೂ ಮೂರೂ ಕೂಡಿ ಬಂದ ಒಂಬತ್ತರಿಂದ ಭಾಗಿಸಿ. ಎರಡು. ಎರಡರ ವರ್ಗ ನಾಲ್ಕು. ಬಳೆಯ ತ್ರಿಜ್ಯ ನಾಲ್ಕು ಬೆರಳು."

"ತಾಳೆ ನೋಡು."

"ದೊಡ್ಡದರ ಕಡೆ ಇಪ್ಪತ್ತನಾಲ್ಕು, ಚಿಕ್ಕ ಚಕ್ರದ ಕಡೆ ಹನ್ನೆರಡು. ಸೇರಿ ಮೂವತ್ತಾರು."

ಟೀಚರ್ ಮರಳಿನ ಮೇಲಿನ ಆ ಅಡ್ಡ ಗೆರೆಯನ್ನೇ ನೋಡುತ್ತಿದ್ದರು. ಅವರ ಮುಖ ಸಣ್ಣ ಹುಡುಗಿಯ ಹಾಗೆ ಅರಳಿತ್ತು.

"ಎಷ್ಟು ಸಲ ನೋಡಿದ್ರೂ ಸಾಕಾಗಲ್ಲ ಕಣೋ. ಹಲಗೇಲಿ ಹೇಗೆ ಮಾಡಿದ್ರು ಅಂತ ಇದ್ಯಾ?"

"ಇಲ್ಲ ಟೀಚರ್. ಹಲಗೆ ಮೇಲೆ ಲೆಕ್ಕ, ಉತ್ತರ, ಅಷ್ಟೇ ಇದೆ. ದಾರಿ ಬರೆದಿಲ್ಲ."

"ಅಯ್ಯೋ, ಕೇಳೋಣ ಅಂದ್ರೆ ಆ ಜೀವ ಇಲ್ಲ." ಅವರಿಗೆ ನಿಜವಾಗಿ ಬೇಜಾರಾಗಿತ್ತು. "ನೀನು ಇದನ್ನ ಕೆಟ್ಟ ಸುದ್ದಿ ಅಂತ ಯಾಕೆ ತಂದೆ? ಜ್ಞಾಪಕ ಇದ್ಯಾ, ಏಳನೇ ಕ್ಲಾಸಲ್ಲಿ ಲೆಕ್ಕ ಕೊಟ್ಟು, ಒಂದು ವಾರ ಯಾರೂ ನನ್ನ ಕೇಳಬಾರದು ಅಂದೆ. ನೀನು ಎರಡೇ ದಿನಕ್ಕೆ ಬಂದು ಇದೇ ಅಡ್ಡ ಗೆರೆ ಎಳೆದೆ. ಹನ್ನೆರಡು ವರ್ಷದ ಹುಡುಗ! ಅವತ್ತು ನನ್ನದು ಏನಾದ್ರೂ ಕಮ್ಮಿ ಆಯ್ತಾ? ನಾನೊಬ್ಬಳೇ ಅಂದ್ಕೊಂಡಿದ್ದೆ, ಇನ್ನೊಬ್ಬ ಸಿಕ್ಕಿದ. ಮನೆಗೆ ಹೋಗಿ ಪಾಯಸ ಮಾಡ್ಕೊಂಡು ತಿಂದೆ. ನಿಂಗೆ ಹೊಳೆದ ಹಾಗೆ ಅವರಿಗೂ ಹೊಳೀತು. ಇದ್ರಲ್ಲಿ ಮುಖ ಸಣ್ಣ ಮಾಡ್ಕೊಳ್ಳೋದು ಏನಿದೆ?"

ರಾಚಯ್ಯನ ಕೈಯಿಂದ ಕಡ್ಡಿ ಬಿತ್ತು.

"ನಂಗೆ ಹೊಳೀಲಿಲ್ಲ ಟೀಚರ್."

"ಏನು?"

"ನೀವು ಲೆಕ್ಕ ಕೊಟ್ಟ ಮಾರನೇ ದಿನ ಭಾನುವಾರ ಸಂಜೆ ನಾನು ಎಮ್ಮೆ ಮೈ ತೊಳೆಯೋಕೆ ಇಲ್ಲಿಗೆ ಬಂದಿದ್ದೆ. ನೀವು ಒಬ್ಬರೇ ಕೂತು ಮರಳ ಮೇಲೆ ಬರೀತಾ ಇದ್ರಿ. ಎಮ್ಮೆ ಹಿಂದೆ ಅವಿತ್ಕೊಂಡೆ. ನೀವು ಹೋಗುವಾಗ ಕಾಲಲ್ಲಿ ಅಳಿಸಿದ್ರಿ, ಪೂರ್ತಿ ಅಳಿಸಿರಲಿಲ್ಲ. ಆ ಅಡ್ಡ ಗೆರೆ ಉಳಿದಿತ್ತು. ಅದನ್ನ ನೋಡ್ಕೊಂಡು ಹೋಗಿ ಸೋಮವಾರ ಬಂದು ಎಳೆದೆ."

ಟೀಚರ್ ಅವನ ಕಡೆ ತಿರುಗಿದರು.

"ಕ್ಲಾಸಿನವರ ಕೈಲಿ ಚಪ್ಪಾಳೆ ತಟ್ಟಿಸಿದ್ರಿ. ನಿಮ್ಮ ಕೈವಾರ ಕೊಟ್ರಿ. ಅವತ್ತಿಂದ ಮನೇಲಿ ಎಲ್ಲರೂ ನನ್ನ ಓದಿಸ್ಲೇಬೇಕು ಅಂದ್ರು. ನಾನು ಮೇಷ್ಟ್ರಾಗಿದ್ದೇ ಆ ಸುಳ್ಳಿಂದ ಟೀಚರ್. ನಲವತ್ತು ವರ್ಷದಿಂದ ಹೇಳೋಣ ಹೇಳೋಣ ಅಂತ ಬಂದು, ಹಣ್ಣು ಕೊಟ್ಟು ಹೋಗ್ತಾ ಇದ್ದೆ."

ಇಂಥ ಕಥೆಗಳಲ್ಲಿ ಗುರುಗಳಿಗೆ ಎಲ್ಲ ಮೊದಲೇ ಗೊತ್ತಿರುತ್ತದೆ. ಅಮ್ಮಣ್ಣಿ ಟೀಚರಿಗೆ ಗೊತ್ತಿರಲಿಲ್ಲ. ಅವರ ಮುಖದಿಂದ ಆ ಹುಡುಗಿ ಎದ್ದುಹೋಗಿದ್ದಳು. ಎಂಬತ್ತೊಂದು ವರ್ಷದ ಮುದುಕಿಯೊಬ್ಬರು ಮರಳಿನ ಮೇಲೆ ಕೂತಿದ್ದರು.

"ಇನ್ನೂರು ವರ್ಷ ಅಂದೆಯಲ್ಲ, ಅದು ನೋವಾಗಲಿಲ್ಲ," ಅಂದರು. "ಇದು ನೋವಾಯ್ತು ಕಣೋ."

ರಾಚಯ್ಯ ತಲೆ ತಗ್ಗಿಸಿ ಅತ್ತ. ಟೀಚರ್ ಸಮಾಧಾನ ಮಾಡಲಿಲ್ಲ. ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು.

ಆ ಸದ್ದು ನಿಂತ ಮೇಲೆ ಟೀಚರ್ ಬೆರಳು ಮಡಿಸಿ ಎಣಿಸಿದರು.

"ನಾನೊಬ್ಬಳು, ನೀನೊಬ್ಬ, ಇಬ್ಬರು ಅಂತ ಇಷ್ಟು ವರ್ಷ ಧೈರ್ಯವಾಗಿದ್ದೆ. ಈಗ ನೀನು ಹೋದೆ. ಆ ಅಕ್ಕಿ ವ್ಯಾಪಾರಿ ಮಗಳೋ ಯಾರೋ ಬಂದರು. ಈಗಲೂ ಇಬ್ಬರೇ."

"ಕ್ಷಮಿಸಿಬಿಡಿ ಟೀಚರ್."

"ಅದು ಆಮೇಲೆ. ಮೊದಲು ಕಲ್ಲಿನ ಮೇಲಿಂದ ನನ್ನ ಹೆಸರು ತೆಗೆಸು."

"ಕಂಡುಹಿಡಿದವರು ಅನ್ನೋ ಮಾತೂ ತೆಗೆಸಲಾ?"

"ಅದು ಇರಲಿ. ಮುಂದೆ ಖಾಲಿ ಬಿಡು. ನನ್ನ ದಾರಿ ಊರಿಗೆಲ್ಲ ಗೊತ್ತು, ಅದು ಸಾಕು. ಯಾರು ತಾವಾಗೇ ಕೂತು ಬೇರೆ ದಾರಿ ಕಂಡುಕೊಳ್ತಾರೋ ಅವರು ಸೀಮೆಸುಣ್ಣದಲ್ಲಿ ಹೆಸರು ಬರೀಲಿ."

"ಮಳೆ ಬಂದ್ರೆ ಅಳಿಸಿಹೋಗತ್ತೆ."

"ಹೋಗ್ಲಿ. ಮುಂದಿನವರಿಗೆ ಜಾಗ ಬೇಡ್ವಾ?"

"ಗುರುವಾರ ಏನು ಹೇಳಲಿ?"

"ಲೆಕ್ಕ ಅವರದ್ದು ಹಳೇದು ಅಂತ ಹೇಳು. ಇಲ್ಲೂ ಒಬ್ಬ ಟೀಚರಿಗೆ ಸಿಕ್ಕಿತು ಅಂತ ಹೇಳು. ನನ್ನ ದಾರಿ ಕೊಡು. ನಿನ್ನ ಸಮಾಚಾರ ನಿಂಗೆ ಬಿಟ್ಟಿದ್ದು."

ಅವರು ಎದ್ದರು. ಹೋಗುವ ಮೊದಲು ಮರಳಿನ ಚಿತ್ರವನ್ನು ಕಾಲಿನಿಂದ ಅಳಿಸಿದರು. ಈ ಸಲ ಬಗ್ಗಿ ನೋಡಿ, ಒಂದು ಗೆರೆಯೂ ಉಳಿಯದ ಹಾಗೆ ಅಳಿಸಿದರು.

"ಬೇರೆ ದಾರಿ ಇದೆಯಾ ಟೀಚರ್?"

"ನಂಗೇನು ಗೊತ್ತು? ನಂಗೆ ಸಿಕ್ಕಿದ್ದು ಒಂದೇ."

ಗುರುವಾರ ಗಿರಿಜಕ್ಕನ ಮನೆಯಲ್ಲಿ ಅಮ್ಮಣ್ಣಿ ಟೀಚರ್ ಟಿವಿಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡು ಕೂತರು. ರಾಚಯ್ಯ ಹಲಗೆಯ ಲೆಕ್ಕ ಹೇಳಿದ, ಇನ್ನೂರು ವರ್ಷದ ಮಾತು ಹೇಳಿದ, ಟೀಚರ ದಾರಿ ಹೇಳಿದ. ಕೊನೆಗೆ ಎಮ್ಮೆಯ ಹಿಂದೆ ಅವಿತು ಕದ್ದು ನೋಡಿದ್ದನ್ನೂ ಹೇಳಿದ.

"ಇದನ್ನೆಲ್ಲ ಟಿವೀಲಿ ಹೇಳ್ಕೋಬೇಕಿತ್ತಾ? ನಾಚಿಕೆಗೇಡು!" ಅಂದರು ಗಿರಿಜಕ್ಕ.

"ಈ ಸಲ ಅವಸರ ಮಾಡಲಿಲ್ಲ," ಅಂದರು ಟೀಚರ್. ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಭಾನುವಾರ ಶಾಲೆಯ ಅಂಗಳ ತುಂಬಿತ್ತು. ಐವತ್ತು ದಾಟಿದವರು, ಮೊಮ್ಮಕ್ಕಳನ್ನು ಎತ್ತಿಕೊಂಡವರು, ಎಲ್ಲರೂ ಏಳನೇ ಕ್ಲಾಸಿನ ಗಲಾಟೆಯನ್ನೇ ಮಾಡುತ್ತಿದ್ದರು. ತಮ್ಮ ಹಳೆಯ ಬೆಂಚು ಯಾವುದೆಂದು ಜಗಳವಾಡುತ್ತಿದ್ದರು. ವೇದಿಕೆಯ ಮೇಲೆ ರಾಚಯ್ಯನ ಕುರ್ಚಿ ಮಾತ್ರ ಖಾಲಿ. ಅವನು ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದಿದ್ದನಂತೆ, ಟೀಚರಿಗೆ ಕೈ ಮುಗಿದು ಹೊಳೆಯ ಕಡೆ ಹೋದನಂತೆ.

ಟೀಚರೇ ಬಟ್ಟೆ ಸರಿಸಿದರು. ಒಂದು ಗೆರೆ, ಮೂರು ವೃತ್ತ. ಕೆಳಗೆ ಕಂಡುಹಿಡಿದವರು ಅನ್ನುವ ಒಂದೇ ಮಾತು. ಅದರ ಮುಂದೆ ಉಳಿಯ ಗುರುತು ಕಾಣುವ ಬೋಳು ಕಲ್ಲು.

ಚಪ್ಪಾಳೆ ಅರ್ಧಕ್ಕೆ ನಿಂತಿತು. ಈಗಿನ ಹೆಡ್‌ಮಾಸ್ಟರ್ ಬಸಪ್ಪಾಜಿ ಗಾಬರಿಯಿಂದ ಹತ್ತಿರ ಬಂದು ಕಲ್ಲಿನ ಮೇಲೆ ಕೈಯಾಡಿಸಿ ನೋಡಿದರು.

"ಟೀಚರ್, ಇದೇನು, ಇಲ್ಲಿ ಹೆಸರೇ ಇಲ್ವಲ್ಲ?"

ಅಮ್ಮಣ್ಣಿ ಟೀಚರ್ ಅಂಗಳದ ಗೋಡೆಯಾಚೆ ನೋಡಿದರು. ಕೆಳಗೆ ಮರಳಿನ ಮೇಲೆ, ಪ್ಯಾಂಟು ಮೊಣಕಾಲಿಗೆ ಮಡಿಸಿಕೊಂಡು, ತಲೆ ನರೆತ ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕೂತಿದ್ದ. ಅವನ ಸುತ್ತ ಬರೆದು ಅಳಿಸಿದ ವೃತ್ತಗಳು ಹತ್ತು ಹನ್ನೆರಡಿದ್ದವು.

"ಸ್ವಲ್ಪ ತಡಿಯಪ್ಪ," ಅಂದರು. "ಇನ್ನೂ ಲೆಕ್ಕ ಮಾಡ್ತಾ ಇದಾನೆ."